ಬೆವರಿನಲ್ಲಿ ನೆನಪು ಹುಡುಕುವ ಮುರ್ಯಾತಿ

ಸೋಲೋ ಊರಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಸೀದಿಯಿಂದ ಹೊರಬಂದ ಹಿರಿಯರು ಬ್ಯಾಡ್ಮಿಂಟನ್ ಅಂಗಳದಲ್ಲಿ ಸಾಲಾಗಿ ನಿಂತಿದ್ದಾರೆ. ಮುರ್ಯಾತಿ ಸ್ಪೀಕರಿನ ಕಿವಿ ಹಿಂಡಿ ಹಾಡು ಹಚ್ಚುತ್ತಾರೆ. “ಭತ್ತ ನೆಡಿ! ಬಟ್ಟೆ ಹಿಂಡಿ! ಈಗ ಕುಟ್ಟಿ!” ವ್ಯಾಯಾಮದ ಹೆಜ್ಜೆಗಳಿಗೆ ಅವರೇ ಇಟ್ಟ ಹೆಸರುಗಳಿವು. ಕ್ರಮ ಮಾತ್ರ ದಿನವೂ ಬೇರೆ. ನಿನ್ನೆಯ ಗುಂಗಿನಲ್ಲಿದ್ದ ತರ್ಮಿನ್ ತಾತ ಮೊದಲೇ ಕುಟ್ಟಲು ಶುರುಮಾಡುತ್ತಾರೆ.

“ನೆಡೋಕೆ ಮುಂಚೆನೇ ಅಕ್ಕಿ ಮಾಡ್ಬಿಟ್ರಲ್ಲ ತಾತ!”

“ನಿನ್ ಗದ್ದೇಲಿ ದಿನಕ್ಕೊಂದು ಕಾನೂನು ಕಣಮ್ಮ!”

“ಕಾಲು ಬೆವತ್ರೆ ಸಾಲ್ದು, ತಲೆಗೂ ಕೆಲ್ಸ ಬೇಕು,” ಎಂದು ನಗುತ್ತಾರೆ ಮುರ್ಯಾತಿ. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಇವರಿಗೆ ಈ ಕೆಲಸಕ್ಕೆ ಸಂಬಳವಿಲ್ಲ. ಮುದುಕಿಯರನ್ನು ಕುಣಿಸುತ್ತಾಳೆಂದು ಮೊದಮೊದಲು ಆಡಿಕೊಂಡ ಹೆಂಗಸರೇ ಈಗ ಮುಂದಿನ ಸಾಲಿಗೆ ಜಗಳವಾಡುತ್ತಾರೆ.

ಮುಂದಿನ ಸಾಲಿನಲ್ಲೇ ಇದ್ದಾರೆ ಮುರ್ಯಾತಿಯ ತಾಯಿ ಕಸಿನೆಮ್. ಬಾಟಿಕ್ ಬಟ್ಟೆಗೆ ಮೇಣದಲ್ಲಿ ಚಿತ್ತಾರ ಬರೆದೇ ಮಗಳನ್ನು ಸಾಕಿದವರು. ಒಂದು ದಿನ ಅರ್ಧ ಹೂವಿಗೆ ಕೈ ನಿಲ್ಲಿಸಿ, ಮುಂದೇನು ಬರೆಯಬೇಕೆಂದು ಮಗಳನ್ನೇ ಕೇಳಿದರು. ಉಸಿರು ಬಿರುಸಾಗುವಂತೆ ಕೈಕಾಲು ಆಡಿಸಿದರೆ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಮರೆವು ನಿಧಾನವಾಗಬಹುದು, ಆದರೆ ಹೋದದ್ದು ಮರಳುತ್ತದೆಂದು ಮಾತು ಕೊಡಲಾರೆ ಎಂದರು ಆರೋಗ್ಯ ಕೇಂದ್ರದ ನರ್ಸು.

“ಆ ‘ಬಹುದು’ ಅನ್ನೋದನ್ನೇ ಹಿಡ್ಕೊಂಡಿದೀನಿ,” ಎನ್ನುತ್ತಾರೆ ಮುರ್ಯಾತಿ. ಅಂಗಳದ ಈ ಕಸರತ್ತು ಹುಟ್ಟಿದ್ದು ಹಾಗೆ.

ತಾಯಿಗೆ ಈಗ ರಾತ್ರಿ ನಿದ್ದೆ ಬರುತ್ತದೆ, ಹೊಸ ಹೆಜ್ಜೆ ಬೇಗ ಕೂಡುತ್ತದೆ. ಆದರೆ ಎದುರಿಗಿರುವವಳು ಮಗಳೆಂಬುದು ಮಾತ್ರ ಅಳಿಸಿಹೋಗಿದೆ. ಹೆತ್ತ ತಾಯಿಯೇ ಮಗಳಿಗೆ ತಲೆಬಾಗಿ, ‘ಬನ್ನಿ, ಹೋಗಿ’ ಎನ್ನುತ್ತಾರೆ.

“ಒಂದೇ ಒಂದ್ಸಲ, ‘ಏ ಮುರ್, ಎಲ್ ಹಾಳಾಗ್ ಹೋಗಿದ್ಯೇ’ ಅಂತ ಬೈದ್ರೆ ಸಾಕು ನಂಗೆ,” ಎನ್ನುತ್ತಾರೆ ಮುರ್ಯಾತಿ.

ಹಾಡು ನಿಲ್ಲುತ್ತದೆ. ಎಲ್ಲರಿಗೂ ಬಿಸಿ ಚಹಾ, ಬೇಯಿಸಿದ ಗೆಣಸು. ಕಸಿನೆಮ್ ಅರ್ಧ ತಿಂದು, ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತುತ್ತಾರೆ. ಮುರ್ಯಾತಿ ಬೇಕೆಂದೇ ಕೈ ಚಾಚುತ್ತಾರೆ.

“ನಂಗೂ ಒಂದ್ಚೂರು ಕೊಡಿ.”

“ತಪ್ಪು ತಿಳ್ಕೋಬೇಡಿ ಟೀಚರಮ್ಮ,” ಕಸಿನೆಮ್ ಪೊಟ್ಟಣವನ್ನು ಸೆರಗಿನ ಮರೆಗೆ ಸರಿಸುತ್ತಾರೆ. “ಇದು ನಮ್ ಮುರ್‌ಗೆ. ಹಸ್ಕೊಂಡ್ ಬರ್ತಾಳೆ ಪಾಪ.”

ಮುರ್ಯಾತಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

“ಕೊಡ್ಬೇಡಿ ಅಮ್ಮ, ಯಾರಿಗೂ ಕೊಡ್ಬೇಡಿ,” ಎನ್ನುತ್ತಾರೆ. “ಅವ್ಳು ಬರೋವರ್ಗೂ ಇಟ್ಕೊಂಡಿರಿ.”