ಸೋರುವ ತಂಬಿಗೆ

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಲೋಹ ಕರಗಿಸುವ ಹುಚ್ಚೊಂದಿದೆ. ರಾಯಬಾಗದ ನಮ್ಮ ಮನೆಯ ಹಿತ್ತಲಲ್ಲಿ, ಮೊದಲು ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡೇ ಈಗ ಅವರ ವರ್ಕ್‌ಶಾಪು. ಸಕ್ಕರೆ ಕಾರ್ಖಾನೆಯ ಕೆಲಸದಿಂದ ಬಂದವರೇ ಚಹಾ ಕುಡಿದು ಅಲ್ಲಿ ಸೇರುತ್ತಾರೆ. ಕಬ್ಬಿಣದ ಡಬ್ಬಿಗೆ ಮಣ್ಣು ಮೆತ್ತಿ ಕುಲುಮೆ ಮಾಡಿಕೊಂಡಿದ್ದಾರೆ. ಇದ್ದಿಲು ಹಾಕಿ, ಬ್ಲೋವರ್ ಹಚ್ಚಿ, ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಮಾಡಿ ನೋಡುತ್ತಾರೆ. ಓಣಿಯವರು ಮೆಚ್ಚುತ್ತಾರೆ. ಮೆಚ್ಚಲಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಅಣ್ಣನ ಮಗಳ ಮದುವೆಗೆಂದು ಕರೋಶಿಯ ತವರಿಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನ ಬಾಗಿಲಿಗೆ ಹೊಸ ಹಿತ್ತಾಳೆ ಹಿಡಿಕೆ ಬಂದಿತ್ತು. ಹುಲಿಯ ಮುಖ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಕೈಕಾಲು ತೊಳೆದು ನೀರು ಕುಡಿಯಲು ಹೋದರೆ ಕೊಡದ ಮೇಲೆ ನನ್ನ ತಂಬಿಗೆ ಇರಲಿಲ್ಲ.

ನನ್ನ ಮದುವೆಯಲ್ಲಿ ಅವ್ವ ಕೊಟ್ಟ ತಂಬಿಗೆ ಅದು. ಕೊಟ್ಟವರ ಹೆಸರು ಪಾತ್ರೆಯ ಮೇಲೆ ಹಾಕಿಸುವುದು ನಮ್ಮ ಕಡೆ ರೂಢಿ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅವ್ವನ ಹೆಸರಿತ್ತು. ಹೊಲ, ಮನೆ ಎಲ್ಲ ಅಪ್ಪನ ಹೆಸರಿಗೆ, ಆಮೇಲೆ ಅಣ್ಣನ ಹೆಸರಿಗೆ. ಅವ್ವ ತೀರಿಹೋದ ಮೇಲೆ ಅವಳ ಹೆಸರು ಉಳಿದ ವಸ್ತು ಅದೊಂದೇ. ಕತ್ತಲಲ್ಲಿ ನೀರಿಗೆ ಎದ್ದರೂ ಆ ಹೆಸರು ಬೆರಳಿಗೆ ಹತ್ತುತ್ತಿತ್ತು.

“ಯಾಕ ಹಂಗ ನೋಡಾಕತ್ತಿ?” ಅಂದರು. “ಹಿತ್ತಾಳಿ ಎಲ್ಲಿ ಹೋಗೇತಿ? ಮನ್ಯಾಗ ಐತಲ್ಲ, ಬಾಗಲಕ್ಕ.”

ನಾನು ಅಳಲಿಲ್ಲ. “ನನ್ನ ತಂಬಿಗಿ ನನಗ ಮಾಡಿಕೊಡ್ರಿ” ಅಂದೆ, ಅಷ್ಟೇ.

ಹುಲಿಯನ್ನು ಕಿತ್ತು ಮತ್ತೆ ಕರಗಿಸಿದರು. ಆದರೆ ಹಿಡಿಕೆ ಎರಕ ಹೊಯ್ದಷ್ಟು ಸಲೀಸಲ್ಲ ತಂಬಿಗೆ. ಆಕಾರವೇನೋ ಬಂತು, ತಳದ ತುಂಬ ಸಣ್ಣ ಸಣ್ಣ ತೂತು. ಅದನ್ನು ಮತ್ತೆ ಕುಲುಮೆಗೆ ಹಾಕಲು ನಾನು ಬಿಡಲಿಲ್ಲ, ಅವ್ವನ ಹಿತ್ತಾಳೆ ಇದ್ದದ್ದು ಅದರಲ್ಲೇ. ಬೇಕಾದರೆ ಬೇರೆ ತಂದುಕೊಳ್ಳಲಿ.

ಅಂದಿನಿಂದ ಅವರು ಊಟಕ್ಕೆ ಕೂತಾಗ ಮುಂದೆ ಅದನ್ನೇ ತುಂಬಿ ಇಟ್ಟೆ. ತಾಟಿನ ಕೆಳಗೆ ನೀರು, ಲುಂಗಿಯ ಕೆಳಗೆ ನೀರು. ಗೆಳೆಯರು ಬಂದರೂ ಅದರಲ್ಲೇ ಕೊಟ್ಟೆ. “ಇವ್ರೇ ಮಾಡ್ಯಾರ್ರಿ, ತಮ್ಮ ಕೈಲೆ” ಅನ್ನುತ್ತಿದ್ದೆ. ಚಿಕ್ಕೋಡಿಯಿಂದ ಬಂದ ನಾದಿನಿ, “ಗಂಡನ ಮಾನ ಹಿಂಗ ಕಳೀತಾರೇನ ವೈನಿ?” ಅಂದಳು. ಅವಳ ಮುಂದೂ ಅದನ್ನೇ ಇಟ್ಟೆ. ನನಗೆ ಸುಖವಾಗುತ್ತಿತ್ತು.

ಅವರು ನಿಪ್ಪಾಣಿಯ ಗುಜರಿಯಿಂದ ಹಿತ್ತಾಳೆ ತಂದು ಮತ್ತೆ ಮತ್ತೆ ಹೊಯ್ದರು. ಮುಂಗೈ ಸುಟ್ಟುಕೊಂಡರು. ಕಡೆಗೊಂದು ಭಾನುವಾರ ಗಟ್ಟಿ ತಂಬಿಗೆ ತಂದು, ನೀರು ತುಂಬಿ ನನ್ನ ಮುಂದಿಟ್ಟರು. ಒಂದು ಹನಿ ಸೋರಲಿಲ್ಲ. ಮುಖದಲ್ಲಿ ಮದುಮಗನ ಕಳೆ. ನನ್ನ ಮನಸ್ಸೂ ಕರಗಿತು. ಇನ್ನು ಸಾಕು, ಸೋರುವುದನ್ನು ಎತ್ತಿಡೋಣ ಅಂದುಕೊಂಡೆ.

ನೀರು ಚೆಲ್ಲಿ, ತಂಬಿಗೆ ಒರೆಸಿ, ಹೆಸರು ಹಾಕಲು ಕೂತರು. ಸಣ್ಣ ಉಳಿಯನ್ನು ಕಂಠದ ಕೆಳಗೆ ಹಿಡಿದು ಸುತ್ತಿಗೆ ಎತ್ತಿದವರು ನನ್ನ ಕಡೆ ನೋಡಿದರು.

“ಅತ್ತಿ ಹೆಸರೇನಿತ್ತ?”

ಅವ್ವ ಪ್ರತಿ ಹಬ್ಬಕ್ಕೂ ಇವರನ್ನು ಕರೆದು ಹೋಳಿಗೆ ಬಡಿಸಿದ್ದಳು. ಇವರು ದಿನವೂ ಆ ತಂಬಿಗೆ ಎತ್ತಿ ನೀರು ಕುಡಿದಿದ್ದರು.

“ಕರಗಸೂಕಿಂತ ಮೊದಲ ಓದಬೇಕಾಗಿತ್ರಿ” ಅಂದೆ.

ಇವತ್ತಿಗೂ ಹೇಳಿಲ್ಲ. ಅಣ್ಣನನ್ನು ಕೇಳಲು ಅವರಿಗೆ ಮುಖವಿಲ್ಲ. ಗಟ್ಟಿ ತಂಬಿಗೆ ಹೆಸರಿಲ್ಲದೆ ಕೊಡದ ಮೇಲೆ ಕೂತಿದೆ. ಅವರ ಊಟಕ್ಕೆ ನಾನು ಸೋರುವುದನ್ನೇ ತುಂಬಿ ಇಡುತ್ತೇನೆ.