ಮದುಮಗ ಲೆನ್ಸು

ಬಾಗಲೂರಿನ ಮದುವೆ ಫೋಟೋಗ್ರಾಫರ್ ಲಕ್ಷ್ಮೀಪತಿಗೆ ಲೆನ್ಸುಗಳೆಲ್ಲ ನೆಂಟರು. ಇಡೀ ಮಂಟಪವನ್ನು ಹಿಡಿಯುವ ಅಗಲದ ಲೆನ್ಸು ಅತ್ತೆ: "ಯಾರ್ ಬಂದ್ರು, ಯಾರ್ ಬರ್ಲಿಲ್ಲ, ಎಲ್ಲಾ ನೋಡ್ತಾಳೆ. ಹತ್ರ ಹೋದ್ರೆ ಮೂಗು ದಪ್ಪ ಮಾಡ್ಬುಡ್ತಾಳೆ." ದೂರ ನಿಂತೇ ಎಲ್ಲದರಲ್ಲೂ ತಲೆ ಹಾಕುವ ಉದ್ದನೆಯ ಜೂಮು ಸೋದರಮಾವ. ಮುಖಕ್ಕೆಂದೇ ಇಟ್ಟುಕೊಂಡಿದ್ದ ಎಂಬತ್ತೈದು ಎಂ.ಎಂ. ಲೆನ್ಸು ಮದುಮಗ: "ಅವನಿಗೆ ಹೆಣ್ಣೊಂದೇ ಕಾಣೋದು, ಹಿಂದಿರೋರೆಲ್ಲ ಮಬ್ಬಾಗಿ ಕರಗೋಗ್ತಾರೆ." ತಮಿಳರ ಮದುವೆಯಲ್ಲಿ "ಕೊಂಜಂ ಸಿರಿಂಗಮ್ಮಾ" ಎಂದೂ ತೆಲುಗರಲ್ಲಿ "ನವ್ವಮ್ಮಾ" ಎಂದೂ ಹೆಣ್ಣನ್ನು ನಗಿಸುತ್ತಿದ್ದ ಲಕ್ಷ್ಮೀಪತಿಯನ್ನು ಊಟಕ್ಕೆ ಮಾತ್ರ ಯಾವ ಭಾಷೆಯಲ್ಲೂ ಯಾರೂ ಕರೆಯುತ್ತಿರಲಿಲ್ಲ. ತನ್ನ ಮದುವೆಯಲ್ಲೂ ಗೆಳೆಯ ಶ್ರೀವತ್ಸನ ಕೈಗೆ ಮದುಮಗ ಲೆನ್ಸನ್ನೇ ಕೊಟ್ಟು, ಮದುಮಗಳು ಚಂದ್ರಲೇಖಾಳ ಹಿಂದೆ ಹೋಗಿ ನಿಂತು, "ನನ್ನ ಬುಡ್ಲಾ, ಅವಳ ಕಣ್ಣಿಗೆ ಫೋಕಸ್ ಇಡು ಕಣ್ಲಾ" ಎಂದು ಗದರಿದ್ದ. ಮೊನ್ನೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ತಿಥಿಗೆ ಹಾರ ಹಾಕಲು ಪಟ ಬೇಕಿತ್ತು. ಆಧಾರ್ ಕಾರ್ಡಿನ ಮುಖ ಹೆಂಡತಿಗೇ ಗುರುತು ಹತ್ತಲಿಲ್ಲ. ಮನೆಯ ಆಲ್ಬಮ್ಮುಗಳನ್ನೆಲ್ಲ ತಿರುವಿದ ಶ್ರೀವತ್ಸನಿಗೆ ಕೊನೆಗೆ ಸಿಕ್ಕಿದ್ದು ತಾನೇ ತೆಗೆದಿದ್ದ ಆ ಮದುವೆಯ ಫೋಟೋ. ಚಂದ್ರಲೇಖಾ ಅದರಲ್ಲಿ ತನ್ನ ಹಿಂದಿದ್ದ ಮಬ್ಬನ್ನು ಬೆರಳಿನಿಂದ ಒರೆಸಿ ನೋಡಿದಳು. "ನನ್ನ ರೆಪ್ಪೆಕೂದ್ಲೂ ಕಾಣ್ತವಲ್ಲಣ್ಣಾ," ಎಂದಳು, "ಹಾರ ಯಾರಿಗೆ ಹಾಕೋದು?"