ಎಲ್ಲ ಜಾಗದಲ್ಲೂ ಆಡಿದ ಓರ್ನೆಲ್ಲಾ

ನೋವಿಗೆ ಹಚ್ಚುವ ಮುಲಾಮಿನ ವಾಸನೆ, ಅದರಲ್ಲೂ ಕರ್ಪೂರದ ಘಾಟಿರುವಂಥದ್ದು, ಎಲ್ಲಿ ಮೂಗಿಗೆ ಬಡಿದರೂ ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಮೊನ್ನೆ ಸ್ಟಾಕ್‌ಹೋಮಿನಲ್ಲಿ ಕಿಸ್ಟಾಕ್ಕೆ ಹೋಗುವ ಮೆಟ್ರೊದಲ್ಲಿ ಪಕ್ಕದ ಸೀಟಿನ ಹೆಂಗಸು ಮಣಿಕಟ್ಟಿಗೆ ಅದನ್ನು ಸವರಿಕೊಳ್ಳುತ್ತಿದ್ದಳು. ನನ್ನ ಸ್ಟೇಷನ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ನಾನು ಇಳಿಯಲಿಲ್ಲ. ನಾನಾಗಲೇ ಸ್ವೀಡನ್ನಿನ ಉತ್ತರದ ಊರು ಉಮೆಯೊದ ಹಳದಿ ಮರದ ಮನೆಯ ಅಡುಗೆಮನೆಯಲ್ಲಿದ್ದೆ. ಅಲ್ಲಿ ಒಲೆಯ ಮೇಲೆ ಅಮ್ಮನ ಸಾರಿಗೆ ಇಂಗಿನ ಒಗ್ಗರಣೆ ಬೀಳುತ್ತಿತ್ತು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಓರ್ನೆಲ್ಲಾ ಕಾಲು ಚಾಚಿ ಕೂತು ಮಂಡಿಗೆ ಮುಲಾಮು ತಿಕ್ಕುತ್ತಿದ್ದಳು. ಆ ಎರಡು ವಾಸನೆ ಸೇರಿದರೆ ನನ್ನ ಬಾಲ್ಯ.

ನನಗಾಗ ಒಂಬತ್ತು ವರ್ಷ. ಅಪ್ಪ ಕಿಸ್ಟಾದ ಟೆಲಿಕಾಂ ಆಫೀಸೊಂದರಲ್ಲಿ ಕನ್ಸಲ್ಟೆಂಟ್, ತಿಂಗಳಿಗೊಂದೆರಡು ಸಲ ರೈಲು ಹತ್ತಿ ಬರುತ್ತಿದ್ದರು. ಅಮ್ಮ ಉಮೆಯೊದ ವಿಶ್ವವಿದ್ಯಾಲಯದಲ್ಲಿ ಮರಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಹುಬ್ಬಳ್ಳಿಯವಳು. ಅಪ್ಪನ ಬೆಂಗಳೂರು ಸ್ನೇಹಿತರ ಮುಂದೆ ನಾಲಿಗೆಯನ್ನು ಇಸ್ತ್ರಿ ಮಾಡಿಕೊಂಡಂತೆ ಮಾತಾಡುತ್ತಿದ್ದಳು; ಸಿಟ್ಟು ಬಂದಾಗ, ಹೆದರಿದಾಗ ಮಾತ್ರ ಹುಬ್ಬಳ್ಳಿ ಹೊರಗೆ ಬರುತ್ತಿತ್ತು. ನಾವು ಕೆಳಗಿನ ಎರಡು ಕೋಣೆಗಳಲ್ಲಿದ್ದೆವು. ಮಹಡಿಯ ಕೋಣೆಯನ್ನು ಊರಿನ ಸಣ್ಣದೊಂದು ಮಹಿಳಾ ಫುಟ್‌ಬಾಲ್ ಕ್ಲಬ್ ಬಾಡಿಗೆಗೆ ಹಿಡಿದಿತ್ತು. ಅಡುಗೆಮನೆ ಇಬ್ಬರಿಗೂ ಒಂದೇ. ಹಿಮ ಬಾಗಿಲ ತನಕ ಏರಿದ್ದ ಒಂದು ಜನವರಿಯ ಮಧ್ಯಾಹ್ನ, ಆಗಲೇ ಕತ್ತಲಾಗುತ್ತಿದ್ದಾಗ, ಓರ್ನೆಲ್ಲಾ ದೊಡ್ಡದೊಂದು ಬ್ಯಾಗು ಎಳೆದುಕೊಂಡು ಆ ಮನೆಗೆ ಬಂದಳು. ಅವಳ ಶೂ ಎರಡೂ ಬಟ್ಟೆಯವು, ಒದ್ದೆಯಾಗಿದ್ದವು. ಅಮ್ಮ ಏನೂ ಕೇಳದೆ ತನ್ನ ಉಣ್ಣೆಯ ಕಾಲುಚೀಲ ಕೊಟ್ಟಳು. ಒಂದು ವಾರದಲ್ಲಿ ಅವಳು ನನಗೆ ಓರ್ನೆಲ್ಲಕ್ಕ ಆದಳು. ಅಮ್ಮ ಅವಳನ್ನು ಕೂಗುವಾಗ ಬೇಕೆಂದೇ "ಊರ್ನೆಲ್ಲಾ ತಿರುಗೋ ಓರ್ನೆಲ್ಲಾ" ಅನ್ನುತ್ತಿದ್ದಳು. ಇಂಗ್ಲಿಷಿನಲ್ಲಿ ಅರ್ಥ ಹೇಳಿದಾಗ ಅವಳು ಬಿದ್ದುಬಿದ್ದು ನಕ್ಕಿದ್ದಳು.

ಅವಳು ಇಟಲಿಯ ರಾಷ್ಟ್ರೀಯ ತಂಡಕ್ಕೆ ಆಡಿದವಳು. ಡಿಫೆಂಡರ್. ಎಡ, ಬಲ, ನಡು, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಿದ್ದಳು. ಒಮ್ಮೆ ಗೋಲ್‌ಕೀಪರ್‌ಗೆ ಪೆಟ್ಟಾದಾಗ ಕೈಗವಸು ತೊಟ್ಟು ಗೋಲಿನಲ್ಲೂ ನಿಂತಿದ್ದಳಂತೆ. ಇಂಥ ಆಟಗಾರರನ್ನು ತಮ್ಮಲ್ಲಿ ಜಾಲಿ ಅನ್ನುತ್ತಾರೆ, ಅಂದರೆ ಇಸ್ಪೀಟಿನ ಜೋಕರ್, ಎಂದು ಅವಳು ವಿವರಿಸಿದಳು. ರಮ್ಮಿ ಆಡಿ ಬೆಳೆದ ಅಮ್ಮನಿಗೆ ಅದು ತಕ್ಷಣ ಹೊಳೆಯಿತು. "ಹಾಗಾದ್ರೆ ನೀನು ಕೈಯಲ್ಲಿದ್ರೆ ಆಟ ಗೆದ್ದ ಹಾಗೆ" ಅಂದಳು. ಓರ್ನೆಲ್ಲಾ ನಗಲಿಲ್ಲ. "ಎಲ್ಲಾ ಜಾಗಕ್ಕೂ ಆಗೋಳಿಗೆ ತನ್ನದು ಅಂತ ಒಂದು ಜಾಗ ಇರಲ್ಲ" ಅಂದಳು. ಯಾರಿಗಾದರೂ ಜ್ವರ ಬಂದರೆ, ಯಾರದಾದರೂ ಕಾಲು ಉಳುಕಿದರೆ ಅವಳಿಗೆ ಕರೆ ಬರುತ್ತಿತ್ತು. ಅವರು ಗುಣವಾದ ಕೂಡಲೇ ಅವಳು ಮತ್ತೆ ಬೆಂಚಿಗೆ. ತನ್ನೂರಲ್ಲಿ ಹಗಲಿಗೆ ಬೇಕರಿ ಕೆಲಸ, ಸಂಜೆ ಅಭ್ಯಾಸ. ಹಿಂದಿನ ವರ್ಷ ಕರೆ ಬರುವುದೇ ನಿಂತುಹೋಗಿತ್ತು. ಅವಳು ನಮ್ಮಲ್ಲಿಗೆ ಬಂದ ವರ್ಷದ ಬೇಸಿಗೆಯಲ್ಲಿ ಯುರೋಪಿನ ದೊಡ್ಡ ಪಂದ್ಯಾವಳಿ ಇತ್ತು. ಸ್ವೀಡನ್ನಿನಲ್ಲಿ ಆಡಿದರೆ ಇಟಲಿ ತಂಡದ ಕೋಚ್ ಕಣ್ಣಿಗೆ ಮತ್ತೆ ಬೀಳಬಹುದು ಎಂಬ ಒಂದೇ ಆಸೆಯಿಂದ ಅಷ್ಟು ಉತ್ತರಕ್ಕೆ, ಆ ಚಳಿಗೆ ಬಂದಿದ್ದಳು. ಅವಳಿಗಿನ್ನೂ ಮೂವತ್ತಾಗಿರಲಿಲ್ಲ. ಆದರೂ ಇದೇ ಕೊನೆಯ ಸಲ ಎಂದು ಅವಳಿಗೆ ಗೊತ್ತಿತ್ತು.

ಆ ಚಳಿಗಾಲ ನಮ್ಮ ಮನೆ ಎಷ್ಟು ತುಂಬಿತ್ತು! ಅವಳು ಬೆಳಿಗ್ಗೆ ಕತ್ತಲಲ್ಲೇ ಒಳಾಂಗಣ ಮೈದಾನಕ್ಕೆ ಓಡುತ್ತಿದ್ದಳು, ಮಧ್ಯಾಹ್ನ ನನ್ನನ್ನು ಶಾಲೆಯಿಂದ ಕರೆತರುತ್ತಿದ್ದಳು. ದಾರಿಯಲ್ಲಿ ಹಿಮದ ಉಂಡೆ ಒದೆಯುತ್ತಾ, ಎದುರಾಳಿಯ ಕಾಲು ನೋಡಬಾರದು, ಕಾಲು ಸುಳ್ಳು ಹೇಳುತ್ತೆ, ಸೊಂಟ ನೋಡಬೇಕು ಎಂದು ಕಲಿಸುತ್ತಿದ್ದಳು. ಅಮ್ಮನ ಚಪಾತಿಯನ್ನು ಸುರುಳಿ ಸುತ್ತಿ ಸಾರಿನಲ್ಲಿ ಅದ್ದುತ್ತಿದ್ದಳು. "ಸಾಕು" ಎನ್ನುವುದನ್ನು ಬೇಗ ಕಲಿತಳು, ಆದರೆ ಬಡಿಸಿದ ಮೇಲೆಯೇ ಅನ್ನುತ್ತಿದ್ದಳು. ಅಪ್ಪ ಇಲ್ಲದ ಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಾ ಗುನುಗಲು ಶುರುಮಾಡಿದ್ದು ಅವಳು ಬಂದ ಮೇಲೆಯೇ.

ಏಪ್ರಿಲ್ ಹೊತ್ತಿಗೆ ಬಲಗಾಲಿನ ಮಂಡಿ ಊದತೊಡಗಿತು. ಮೊದಲು ಅವಳು ಉದ್ದ ಪ್ಯಾಂಟು ಹಾಕಿ ಮುಚ್ಚಿದಳು. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿಯನ್ನು ಹಿಡಿದುಕೊಳ್ಳುವುದನ್ನು ಅಮ್ಮ ಗಮನಿಸಿದಳು. ಒಂದು ಸಂಜೆ ಎದುರು ಕೂತು ಬಲವಂತವಾಗಿ ಪ್ಯಾಂಟು ಮೇಲೆತ್ತಿ ನೋಡಿದಳು. ಮಂಡಿಯ ಆಕಾರವೇ ಇರಲಿಲ್ಲ.

"ಡಾಕ್ಟರಿಗೆ ತೋರಿಸು. ನಾಳೆನೇ."

"ತೋರಿಸಿದ್ರೆ ಆಡಬೇಡ ಅಂತಾರೆ. ಮುಂದಿನ ಮ್ಯಾಚಿಗೆ ಇಟಲಿಯಿಂದ ನಮ್ಮ ಕೋಚ್ ಬರ್ತಿದ್ದಾರೆ. ಅದೊಂದು ಆಡಿಬಿಡ್ತೀನಿ. ಅಷ್ಟೇ."

"ಮಂಡಿ ಹೋದ್ರೆ?"

"ಈ ಮ್ಯಾಚ್ ಹೋದ್ರೆ ಮಂಡಿ ಇಟ್ಕೊಂಡು ಏನ್ ಮಾಡ್ಲಿ?"

ಅಮ್ಮನ ಥೀಸಿಸ್ ಕೂಡ ಆಗ ದಡ ಕಾಣದೆ ತೇಲುತ್ತಿತ್ತು. ಆ ಮಾತು ಅವಳಿಗೂ ಎಲ್ಲೋ ತಗುಲಿರಬೇಕು. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಲು ಕೂತಳು. ಓರ್ನೆಲ್ಲಾ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಿಂದಲೇ ನೀರಿಳಿಯಿತು.

ಮ್ಯಾಚಿನ ದಿನ ಬಿಸಿಲಿತ್ತು. ಬರ್ಚ್ ಮರಗಳಲ್ಲಿ ಚಿಗುರು ಆಗಷ್ಟೇ ಕಣ್ಣು ಬಿಡುತ್ತಿತ್ತು. ನಾನು, ಅಮ್ಮ ಮರದ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದೆವು. ಬೂದು ಕೋಟಿನ ಒಬ್ಬ ಗಂಡಸು ಬೇಲಿಗೆ ಒರಗಿ ಒಬ್ಬನೇ ನಿಂತಿದ್ದ. ಅವನೇ ಆ ಕೋಚ್. ಮೊದಲರ್ಧದಲ್ಲಿ ಓರ್ನೆಲ್ಲಾ ಬಲಬದಿಯಲ್ಲಿ ಆಡಿದಳು. ಒಬ್ಬಳನ್ನೂ ದಾಟಲು ಬಿಡಲಿಲ್ಲ. ನನ್ನ ಎದೆ ಉಬ್ಬಿತ್ತು. ಎರಡನೇ ಅರ್ಧದಲ್ಲಿ, ಕ್ಲಬ್ಬು ತನ್ನ ಬದಲಿ ಆಟಗಾರ್ತಿಯರನ್ನೆಲ್ಲ ಇಳಿಸಿಯಾದ ಮೇಲೆ, ಅವಳು ತಿರುಗುವಾಗ ಮಂಡಿ ಒಳಕ್ಕೆ ಕುಸಿಯಿತು. ಅವಳು ಬಿದ್ದಳು. ಅಮ್ಮ ಬೆಂಚಿನಿಂದ ಎದ್ದು ಇಡೀ ಮೈದಾನಕ್ಕೆ ಕೇಳುವಂತೆ, "ಏಳಬ್ಯಾಡ! ಏಳಬ್ಯಾಡ, ಅಲ್ಲೇ ಕೂಡು!" ಎಂದು ಕೂಗಿದಳು. ಸ್ವೀಡನ್ನಿನ ಜನ ತಿರುಗಿ ನೋಡಿದರು. ಓರ್ನೆಲ್ಲಾ ಎದ್ದಳು.

ಬಲಬದಿಯಲ್ಲಿ ಇನ್ನು ಓಡಲಾಗದು ಎಂದು ಗೊತ್ತಾದಾಗ ಕೈಸನ್ನೆ ಮಾಡಿ ನಡುವಿಗೆ ಬಂದಳು. ಅಲ್ಲಿ ಓಟ ಕಡಿಮೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲೂ ಆಗಲಿಲ್ಲ. ಎಡಕ್ಕೆ ಹೋದಳು, ಅಲ್ಲಿ ಎಡಗಾಲನ್ನಾದರೂ ಊರಬಹುದೆಂದು. ಅವಳನ್ನು ದಾಟಿಯೇ ಒಂದು ಗೋಲಾಯಿತು. ಕೊನೆಗೆ ತಂಡದವರು ಅವಳನ್ನು ಮುಂದಕ್ಕೆ, ಎದುರಾಳಿಯ ಗೋಲಿನ ಹತ್ತಿರ ಕಳಿಸಿದರು. ಅಲ್ಲಿ ಸುಮ್ಮನೆ ನಿಂತರೂ ನಡೆಯುತ್ತದೆ. ತನಗೆ ಗೊತ್ತಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟು ಅವಳು ಅಲ್ಲಿ ಒಂಟಿಕಾಲಿನ ಮೇಲೆ, ಚೆಂಡಿಗಾಗಿ ಕೈ ಎತ್ತಿ ನಿಂತಿದ್ದಳು. ಚೆಂಡು ಬರಲಿಲ್ಲ. ಸೀಟಿ ಊದಿದಾಗ ಬೇಲಿಯ ಹತ್ತಿರ ಬೂದು ಕೋಟು ಇರಲಿಲ್ಲ. ಅಮ್ಮ ಮೈದಾನದೊಳಕ್ಕೆ ಓಡಿ ಅವಳ ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡಳು. "ಅವರು ನೋಡಿದ್ರಾ?" ಎಂದೇ ಅವಳು ಕೇಳುತ್ತಿದ್ದಳು. "ಮೊದಲರ್ಧ ನೋಡಿದ್ರಲ್ಲ?" ಅಮ್ಮ "ನೋಡಿದ್ರು, ಪೂರ್ತಿ ನೋಡಿದ್ರು" ಅಂದಳು.

ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಆದರೂ ತಂಡದ ಹೆಸರುಗಳು ಹೊರಬೀಳುವ ತನಕ ಅವಳು ಅಡುಗೆಮನೆಯಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದಳು. ಮುರುಕು ಮಂಡಿಯವಳಿಗೆ ಯಾರೂ ಫೋನ್ ಮಾಡುವುದಿಲ್ಲ ಎಂದು ನನಗೇ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲವೇ? ಪಂದ್ಯಾವಳಿಯನ್ನು ನಮ್ಮ ಸಣ್ಣ ಟಿವಿಯಲ್ಲಿ ಮೂವರೂ ನೋಡಿದೆವು. ಹೊರಗೆ ರಾತ್ರಿಯಾದರೂ ಮುಗಿಯದ ಬೆಳಕು. ಬಲಬದಿಯಲ್ಲಿ ಯಾರೋ ಎಳೆ ಹುಡುಗಿ ಆಡುತ್ತಿದ್ದಳು. ಅವಳು ಜಾಗ ತಪ್ಪಿದಾಗಲೆಲ್ಲ ಓರ್ನೆಲ್ಲಾ ಊರುಗೋಲು ಹಿಡಿದು ಎದ್ದು ನಿಂತು ತನ್ನ ಭಾಷೆಯಲ್ಲಿ ಕಿರುಚುತ್ತಿದ್ದಳು. ಇಟಲಿ ಸೋತಿತು. ಅವಳು ಟಿವಿ ಆರಿಸಿ, ಆರಿದ ಪರದೆಯನ್ನೇ ನೋಡುತ್ತಾ ಕೂತಳು. ಅಮ್ಮ ಊಟಕ್ಕೆ ಎಬ್ಬಿಸಲಿಲ್ಲ.

ಅಕ್ಟೋಬರಿನಲ್ಲಿ ಕ್ಲಬ್ಬು ಆ ಕೋಣೆಯನ್ನು ಬಿಟ್ಟುಕೊಟ್ಟಿತು. ಮಂಡಿ ಅಷ್ಟರಲ್ಲಿ ಎರಡನೇ ಸಲ ಕೈಕೊಟ್ಟಿತ್ತು. ಅಣ್ಣನ ಮನೆಗೆ ಹೋಗುತ್ತೇನೆ, ಮತ್ತೆ ಬೇಕರಿ ಸೇರುತ್ತೇನೆ ಎಂದು ಹೇಳಿ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಅವಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು, ನನಗೆ ಹಾಕುವ ಹಾಗೆ. ಇಬ್ಬರೂ ಅಳಲಿಲ್ಲ. ನಾನು ಅತ್ತೆ.

ಮುಂದಿನ ವರ್ಷ ಅಮ್ಮ ಥೀಸಿಸ್ ಬಿಟ್ಟಳು, ನಾವು ಸ್ಟಾಕ್‌ಹೋಮಿಗೆ ಬಂದೆವು. ಉಮೆಯೊದ ಆ ಮನೆಯ ಜಾಗದಲ್ಲಿ ಈಗ ವಿದ್ಯಾರ್ಥಿಗಳ ದೊಡ್ಡ ಕಟ್ಟಡವಿದೆ. ಕೆಲವು ವರ್ಷ ಫೋನುಗಳಿದ್ದವು, ಆಮೇಲೆ ಆ ನಂಬರಿನಲ್ಲಿ ಬೇರೆ ಯಾರೋ ಎತ್ತಿದರು. ಹೋದ ಚಳಿಗಾಲ ಅಮ್ಮ ತೀರಿಕೊಂಡಾಗ, ತಿಳಿಸಬೇಕಾದವರನ್ನೆಲ್ಲ ನೆನೆಯುತ್ತಾ ಕೂತವಳಿಗೆ ಅಪ್ಪನ ಕಡೆಯವರಿಗಿಂತ ಮೊದಲು ನೆನಪಾದವಳು ಓರ್ನೆಲ್ಲಾ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಆ ಕಾಲದ ಹೆಣ್ಣುಮಕ್ಕಳ ಆಟವನ್ನು ಯಾರು ಬರೆದಿಟ್ಟಿದ್ದಾರೆ? ಎಲ್ಲೋ ಒಂದು ಕಡೆ ಹೆಸರು ಸಿಕ್ಕಿತು, ಚಿತ್ರವಿಲ್ಲ. ಹೆಸರಿನ ಮುಂದೆ ಡಿಫೆಂಡರ್ ಎಂದಷ್ಟೇ ಇತ್ತು. ಯಾವ ಕಡೆ ಆಡುತ್ತಿದ್ದಳು ಎಂದು ಇರಲಿಲ್ಲ. ಆ ದಿನ ಅವಳು ಎಲ್ಲ ಕಡೆಯೂ ಆಡಿದ್ದನ್ನು ಕಂಬಳಿ ಹೊದ್ದು ನೋಡಿದ್ದ ನಮ್ಮಿಬ್ಬರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.